ಬೀರುವಿಗೆ ಬೀಗ, ಕಂಪ್ಯೂಟರಿಗೆ ಬಟ್ಟೆ

ಈ ಸಲದ ಸಂಪಾದಕೀಯದಲ್ಲಿ ಕೊಲೆಯಿಲ್ಲ, ಬಹಿಷ್ಕಾರವಿಲ್ಲ, ಭೂಮಿ ಕಿತ್ತುಕೊಂಡ ಸುದ್ದಿಯಿಲ್ಲ. ಅವೆಲ್ಲ ಒಳಪುಟಗಳಲ್ಲಿ ಇದ್ದೇ ಇವೆ, ನಮ್ಮ ದೇಶದಲ್ಲಿ ಅವಕ್ಕೇನು ಬರವೇ? ಇಲ್ಲಿ ನಾವು ಬರೆಯಹೊರಟಿರುವುದು ಒಂದು ಕಬ್ಬಿಣದ ಬೀರುವಿನ ವಿಷಯ. ಬೀರುವಿನ ವಿಷಯ ಏನ್ರಯ್ಯಾ ಬರೆಯೋದು ಅಂತ ಮೂಗು ಮುರಿಯಬೇಡಿ. ಓದಿ, ಆಮೇಲೆ ಬೈಯಿರಿ.

ಆನೇಕಲ್ ತಾಲ್ಲೂಕಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ. ಹೆಸರು ಬೇಡ. ಹೆಸರು ಹೇಳಿದರೆ ಆ ಮೇಷ್ಟ್ರಿಗೆ ಮೇಲಿನವರು ನೋಟೀಸು ಕೊಡುತ್ತಾರೆಯೇ ಹೊರತು ಬೀರುವಿನ ಬೀಗ ತೆಗೆಯುವುದಿಲ್ಲ. ನಮ್ಮಲ್ಲಿ ಮೂವರು ಅಲ್ಲಿಗೆ ಹೋಗಿದ್ದೆವು. ನಮ್ಮಲ್ಲೊಬ್ಬ ಅದೇ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಓದಿದವನು. ಏಳು ವರ್ಷ ಆ ಹಸಿರು ಬೀರುವಿನ ಮುಂದೆ ಓಡಾಡಿದವನು. ಅದರೊಳಗೆ ಏನಿದೆ ಅಂತ ಅವನು ನೋಡಿದ್ದು ಮೊನ್ನೆ, ಬಿ.ಎ. ಮುಗಿಸಿದ ಮೇಲೆ!

ಒಳಗೆ ಪುಸ್ತಕಗಳಿದ್ದವು. ನಾಲ್ಕುನೂರಕ್ಕೂ ಹೆಚ್ಚು. ಕೆಲವಕ್ಕೆ ಪ್ಲಾಸ್ಟಿಕ್ ಹಾಳೆಯನ್ನೂ ಬಿಚ್ಚಿರಲಿಲ್ಲ. ಬಣ್ಣದ ಚಿತ್ರದ ಕತೆಗಳು, ಹಕ್ಕಿಗಳ ಪುಸ್ತಕ, ಸೌರಮಂಡಲ, ಗಾದೆಗಳು, ಮಹಾಪುರುಷರು. ಗೆದ್ದಲು ಕೆಳಗಿನ ಸಾಲಿನಿಂದ ಓದುವುದಕ್ಕೆ ಶುರುಮಾಡಿತ್ತು. ಪಕ್ಕದಲ್ಲೇ ದಾಸ್ತಾನು ಪುಸ್ತಕ. ಅದರಲ್ಲಿ ಪ್ರತಿ ಪುಸ್ತಕದ ಹೆಸರು, ಬೆಲೆ, ಬಂದ ದಿನಾಂಕ, ಎಲ್ಲ ಅಚ್ಚುಕಟ್ಟು. ಎರವಲು ವಹಿ ಅಂತ ಇನ್ನೊಂದು ಇತ್ತು. ಅದರ ಮೊದಲ ಪುಟಕ್ಕೆ ಗೆರೆ ಹೊಡೆದು ಕಾಲಂ ಮಾಡಿ ‘ವಿದ್ಯಾರ್ಥಿಯ ಹೆಸರು’ ಅಂತ ಬರೆದಿದ್ದರು. ಕೆಳಗೆ ಒಂದು ಹೆಸರೂ ಇಲ್ಲ. ಅಷ್ಟು ವರ್ಷಗಳಲ್ಲಿ ಒಂದೂ ಇಲ್ಲ.

ಅದೇ ಕೋಣೆಯ ಮೂಲೆಯಲ್ಲಿ ಐದು ಕಂಪ್ಯೂಟರುಗಳು. ಯಾವುದೋ ಕಂಪನಿ ದಾನ ಕೊಟ್ಟದ್ದು. ಹೂವಿನ ಚಿತ್ತಾರದ ಬೆಡ್‌ಶೀಟು ಹೊದಿಸಿದ್ದರು. ಬೆಡ್‌ಶೀಟು ಎತ್ತಿದರೆ ಪ್ರತಿ ಪರದೆಯ ಮೇಲೂ ಒಣಗಿದ ಕುಂಕುಮ, ಗಂಧ. ಆಯುಧಪೂಜೆಯ ದಿನ ಹಚ್ಚಿದ್ದು. ವರ್ಷಕ್ಕೊಂದು ದಿನ ಪೂಜೆ, ಮಿಕ್ಕ ದಿನವೆಲ್ಲ ಮಡಿ.

ಮಡಿ ಅನ್ನುವ ಪದವನ್ನು ನಾವು ಬೇಕೆಂದೇ ಬರೆದಿದ್ದೇವೆ. ಮುಟ್ಟಬೇಡ ಅನ್ನುವ ಮಾತು ನಮ್ಮ ಜನಕ್ಕೆ ಹೊಸದಲ್ಲ. ಬಾವಿ ಮುಟ್ಟಬೇಡ, ಲೋಟ ಮುಟ್ಟಬೇಡ, ಹೊಸಿಲು ಮುಟ್ಟಬೇಡ. ಸಾತಾರೆಯ ಶಾಲೆಯಲ್ಲಿ ಭೀಮರಾವ್ ಅನ್ನುವ ಹುಡುಗ ಮನೆಯಿಂದ ತಂದ ಗೋಣಿತಟ್ಟಿನ ಮೇಲೆ ಬೇರೆ ಕೂತಿದ್ದ. ಜವಾನ ಬಂದು ನಲ್ಲಿ ತಿರುಗಿಸಿದರೆ ನೀರು, ಜವಾನ ಬರದಿದ್ದರೆ ನೀರಿಲ್ಲ. ಈಗ ಕಾನೂನು ಇದೆ, ನಲ್ಲಿಯನ್ನು ನಾವೇ ತಿರುಗಿಸುತ್ತೇವೆ. ಆದರೆ ಈ ಬೀರುವಿನ ಕೈ? ಅದಕ್ಕಿನ್ನೂ ಯಾರಾದರೂ ಬಂದು ತಿರುಗಿಸಬೇಕು. ಇಲ್ಲಿ ಎಲ್ಲ ಜಾತಿಯ ಮಕ್ಕಳಿಗೂ ಬೀಗವೇ ಅಲ್ವಾ, ಇದರಲ್ಲಿ ಜಾತಿ ಯಾಕೆ ತರ್ತೀರಿ ಅಂತ ಒಬ್ಬರು ಕೇಳಿದರು. ತರುತ್ತೇವೆ ಸ್ವಾಮಿ. ಉಳ್ಳವರ ಮಕ್ಕಳು ಹಳದಿ ಬಸ್ಸು ಹತ್ತಿ ಇಂಗ್ಲಿಷ್ ಶಾಲೆಗೆ ಹೋಗಿ ಎಷ್ಟೋ ವರ್ಷವಾಯಿತು. ಈ ಶಾಲೆಯ ಹಾಜರಿಯಲ್ಲಿ ಉಳಿದಿರುವವರು ಕೇರಿಯ ಮಕ್ಕಳು, ರಾಯಚೂರು ಕಲಬುರಗಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರ ಮಕ್ಕಳು, ಒಡಿಶಾ ಬಿಹಾರದವರ ಮಕ್ಕಳು. ಬೀಗ ಯಾರಿಗೆ ಅಂತ ನೀವೇ ಲೆಕ್ಕ ಹಾಕಿ.

ಆದರೆ ಒಂದು ಮಾತು ಹೇಳಬೇಕು. ಆ ಮೇಷ್ಟ್ರು ಕೆಟ್ಟವರಲ್ಲ. ಚಹಾ ತರಿಸಿಕೊಟ್ಟರು, ಮುಚ್ಚುಮರೆ ಮಾಡಲಿಲ್ಲ. ‘ನೋಡ್ರಪ್ಪಾ, ಒಂದು ಪುಸ್ತಕ ಕಳೆದ್ರೆ ಆಡಿಟ್‌ನಲ್ಲಿ ನನ್ನ ತಲೆಗೆ ಕಟ್ತಾರೆ. ರಿಟೈರ್ ಆಗೋಕೆ ಎರಡು ವರ್ಷ ಇದೆ. ಬೀಗ ಹಾಕಿದ್ರೆ ಯಾರೂ ಏನೂ ಕೇಳಲ್ಲ, ತೆಗೆದ್ರೆ ಎಲ್ಲರೂ ಕೇಳ್ತಾರೆ’ ಅಂದರು. ಇದು ಅವರೊಬ್ಬರ ಭಯವಲ್ಲ. ಈ ವ್ಯವಸ್ಥೆಯಲ್ಲಿ ಓದದೆ ಗೆದ್ದಲು ಹಿಡಿದ ಪುಸ್ತಕಕ್ಕೆ ಯಾರೂ ಜವಾಬ್ದಾರರಲ್ಲ, ಓದಿ ಹರಿದ ಪುಸ್ತಕಕ್ಕೆ ಮೇಷ್ಟ್ರು ಜವಾಬ್ದಾರರು. ಹೀಗಿದ್ದ ಮೇಲೆ ಯಾರು ತಾನೇ ಬೀಗ ತೆಗೆಯುತ್ತಾರೆ?

ನಾವು ಸುಮ್ಮನೆ ಬರಲಿಲ್ಲ, ಹುಡುಕಿದೆವು. ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳಲ್ಲಿ ಗ್ರಂಥಾಲಯದ ಪುಸ್ತಕಗಳ ತಪಾಸಣೆಗೆ ಬೇರೆಯೇ ಒಂದು ನಿಯಮ ಇದೆ. ವರ್ಷಕ್ಕೆ ಎರವಲು ಹೋದ, ಓದಲು ತೆಗೆದ ಪ್ರತಿ 1,000 ಪುಸ್ತಕಕ್ಕೆ 5 ಕಳೆದರೆ ಅದು ಸಹಜ ನಷ್ಟ, ಮೋಸವೋ ನಿರ್ಲಕ್ಷ್ಯವೋ ಇಲ್ಲದಿದ್ದರೆ ಸಾಕು ಅನ್ನುತ್ತದೆ ಅದು. 1,000 ರೂಪಾಯಿ ಮೀರಿದ ಪುಸ್ತಕ, ಅಪರೂಪದ ಪುಸ್ತಕ ಕಳೆದರೆ ಮಾತ್ರ ವಿಚಾರಣೆ ಆಗಲೇಬೇಕು. ಅಂದರೆ ದಿಲ್ಲಿಯ ಕಚೇರಿಗಳ ಗ್ರಂಥಾಲಯದಲ್ಲಿ ಪುಸ್ತಕ ಕಳೆಯುವುದು ಸಹಜ ಅಂತ ಸರ್ಕಾರವೇ ಒಪ್ಪಿಕೊಂಡಿದೆ. ಐ.ಎ.ಎಸ್. ಸಾಹೇಬರು ಕಳೆದರೆ ಸಹಜ, ಕೇರಿಯ ಮಗು ಕಳೆದರೆ ಮೇಷ್ಟ್ರ ಸಂಬಳದಲ್ಲಿ ಕಡಿತ! ಅದು ಕೇಂದ್ರದ ನಿಯಮ, ನಮ್ಮ ಶಾಲೆಗೆ ನೇರವಾಗಿ ಅನ್ವಯಿಸುವುದಿಲ್ಲ ಅನ್ನುವುದು ನಮಗೂ ಗೊತ್ತು. ಹಾಗಾದರೆ ಅಂಥದ್ದೇ ಒಂದು ಸುತ್ತೋಲೆ ಪ್ರಾಥಮಿಕ ಶಾಲೆಗಳಿಗೂ ಬರಲಿ, ಪ್ರತಿ ಬೀರುವಿನ ಬಾಗಿಲಿಗೆ ಅಂಟಿಸಲಿ. ಇದಕ್ಕೆ ಒಂದು ಪೈಸೆ ಖರ್ಚಿಲ್ಲ.

ಪುಸ್ತಕ ಇರೋದು ಬಳಸೋದಕ್ಕೆ ಅನ್ನುವುದು ನಮ್ಮ ಉದ್ಗಾರವಲ್ಲ. ಗ್ರಂಥಾಲಯ ಶಾಸ್ತ್ರದ ಐದು ಸೂತ್ರಗಳನ್ನು 1931ರಲ್ಲಿ ಪುಸ್ತಕವಾಗಿ ಕೊಟ್ಟ ಎಸ್.ಆರ್. ರಂಗನಾಥನ್ ಅವರ ಮೊದಲ ಸೂತ್ರವೇ ಅದು. ಹಳೆಯ ಕಾಲದ ಯೂರೋಪಿನಲ್ಲಿ ಪುಸ್ತಕಗಳನ್ನು ಸರಪಳಿ ಹಾಕಿ ಕಪಾಟಿಗೆ ಕಟ್ಟುತ್ತಿದ್ದರು. ಆ ಸರಪಳಿ ಬಿಚ್ಚಿದಾಗಿನಿಂದ ಗ್ರಂಥಾಲಯ ಶುರು ಅನ್ನುವುದು ಅವರ ವಾದ. ಅವರು ಕೊನೆಯ ವರ್ಷಗಳನ್ನು ಕಳೆದದ್ದು ಇಲ್ಲೇ ಬೆಂಗಳೂರಿನಲ್ಲಿ. ಗ್ರಂಥಾಲಯ ಶಾಸ್ತ್ರದ ಸಂಶೋಧನಾ ಕೇಂದ್ರವನ್ನು 1962ರಲ್ಲಿ ಇಲ್ಲೇ ಕಟ್ಟಿದರು, 1972ರಲ್ಲಿ ಇಲ್ಲೇ ತೀರಿಕೊಂಡರು. ಅವರ ಸೂತ್ರ ಬೆಂಗಳೂರಿನಿಂದ ಆನೇಕಲ್ಲಿಗೆ ಮೂವತ್ತೈದು ನಲವತ್ತು ಕಿಲೋಮೀಟರು ದಾಟಿ ಬರಲು ಇನ್ನೆಷ್ಟು ವರ್ಷ ಬೇಕೋ.

ಕಾನೂನಿಗೇನೂ ಕೊರತೆಯಿಲ್ಲ. 1965ರಲ್ಲಿ ಕರ್ನಾಟಕಕ್ಕೆ ಸಾರ್ವಜನಿಕ ಗ್ರಂಥಾಲಯ ಕಾಯಿದೆ ಬಂತು, 1966ರಿಂದ ಜಾರಿಯಾಯಿತು. ಅದರ ಪ್ರಕಾರ ಮನೆ, ಕಟ್ಟಡ, ಜಮೀನಿನ ತೆರಿಗೆಯ ಜೊತೆ ಗ್ರಂಥಾಲಯ ಕರ ಅಂತ ವಸೂಲಿ ಮಾಡುತ್ತಾರೆ. ಅದೀಗ ನೂರಕ್ಕೆ 6 ರೂಪಾಯಿ. 1987ರಲ್ಲಿ ಆಪರೇಷನ್ ಬ್ಲ್ಯಾಕ್‌ಬೋರ್ಡ್ ಬಂತು. ಎರಡು ಕೋಣೆ, ಇಬ್ಬರು ಮೇಷ್ಟ್ರು, ಪಾಠೋಪಕರಣ, ಪುಸ್ತಕ ಅಂತ. 2009ರ ಶಿಕ್ಷಣ ಹಕ್ಕು ಕಾಯಿದೆಯ ಅನುಸೂಚಿಯಲ್ಲಿ ಪ್ರತಿ ಶಾಲೆಗೂ ಗ್ರಂಥಾಲಯ ಇರಬೇಕು, ಅದರಲ್ಲಿ ದಿನಪತ್ರಿಕೆ, ಮಾಸಿಕ, ಕತೆಪುಸ್ತಕ ಇರಬೇಕು ಅಂತ ಬರೆದಿದೆ. 2018ರಿಂದ ಸಮಗ್ರ ಶಿಕ್ಷಣ ಯೋಜನೆಯಲ್ಲಿ ಶಾಲೆಯ ದರ್ಜೆ ನೋಡಿ ವರ್ಷಕ್ಕೆ 5,000ದಿಂದ 20,000 ರೂಪಾಯಿವರೆಗೆ ಗ್ರಂಥಾಲಯ ಅನುದಾನ. ಇಷ್ಟೆಲ್ಲದರಲ್ಲೂ ಪುಸ್ತಕ ಕೊಳ್ಳುವುದಕ್ಕೆ ಹಣವಿದೆ, ಪುಸ್ತಕವನ್ನು ಮಗುವಿನ ಕೈಗೆ ಕೊಡುವ ಮನುಷ್ಯನಿಗೆ ಹಣವಿಲ್ಲ. ನಮ್ಮ ಪ್ರಾಥಮಿಕ ಶಾಲೆಗಳಲ್ಲಿ ಗ್ರಂಥಪಾಲಕರನ್ನು ನೀವು ಯಾರಾದರೂ ಕಂಡಿದ್ದೀರಾ? ಪಾಠ ಮಾಡುವ ಮೇಷ್ಟ್ರೇ ಬಿಸಿಯೂಟದ ಲೆಕ್ಕ, ಮೊಟ್ಟೆಯ ಲೆಕ್ಕ, ಚುನಾವಣೆ ಕೆಲಸ, ಜನಗಣತಿ, ಅದರ ಮೇಲೆ ಬೀರುವಿನ ಕಾವಲು.

ಈ ಕರದ ವಿಷಯದಲ್ಲಿ ಆನೇಕಲ್ಲಿನವರಾದ ನಾವು ಒಂದು ಪ್ರಶ್ನೆ ಕೇಳಲೇಬೇಕು. 1978ರಲ್ಲಿ ಕಿಯೋನಿಕ್ಸ್ ಕೋನಪ್ಪನ ಅಗ್ರಹಾರ, ದೊಡ್ಡತೋಗೂರು ಕಡೆ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ಸ್ ಸಿಟಿ ಶುರುಮಾಡಿತು. ಬೆಂಗಳೂರನ್ನು ಸಿಲಿಕಾನ್ ಕಣಿವೆ ಮಾಡುತ್ತೇವೆ ಅಂತ ಆರ್.ಕೆ. ಬಾಳಿಗಾ ಅನ್ನುವವರು ಕಂಡ ಕನಸು. ಕನಸು ನಿಜವಾಯಿತು, ಸಂತೋಷ. ಬೊಮ್ಮಸಂದ್ರ, ಜಿಗಣಿ, ಅತ್ತಿಬೆಲೆಗಳಲ್ಲಿ ಕಾರ್ಖಾನೆಗಳೆದ್ದವು. ರಾಗಿ ಹೊಲ ಹೋಯಿತು, ಹೊಲದಲ್ಲಿ ಕೂಲಿ ಮಾಡುತ್ತಿದ್ದವರ ಮಕ್ಕಳು ಗುತ್ತಿಗೆಯ ಮೇಲೆ ಗೇಟು ಕಾಯುತ್ತಿದ್ದಾರೆ, ಕಕ್ಕಸು ತೊಳೆಯುತ್ತಿದ್ದಾರೆ. 2013ರಲ್ಲಿ ಎಲೆಕ್ಟ್ರಾನಿಕ್ಸ್ ಸಿಟಿಗೇ ಬೇರೆ ಟೌನ್‌ಷಿಪ್ ಪ್ರಾಧಿಕಾರವಾಯಿತು, ಅಲ್ಲಿನ ಆಸ್ತಿ ತೆರಿಗೆಯನ್ನು ಅದೇ ವಸೂಲಿ ಮಾಡುತ್ತದೆ. ಆ ಗಾಜಿನ ಕಟ್ಟಡಗಳ ತೆರಿಗೆಯ ಜೊತೆ ಗ್ರಂಥಾಲಯ ಕರ ಎಷ್ಟು ಬಂತು, ಅದು ಯಾವ ಊರಿನ ಯಾವ ಕಪಾಟಿಗೆ ಹೋಯಿತು? ಹಾಸ್ಟೆಲಿನ ಗೆಳೆಯರೇ, ಇದು ನಿಮಗೆ ಕೆಲಸ. ಮಾಹಿತಿ ಹಕ್ಕಿನ ಅರ್ಜಿಗೆ 10 ರೂಪಾಯಿ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು. ಭಾಷಣ ಬರೆಯಬೇಡಿ, ಪ್ರಶ್ನೆ ಬರೆಯಿರಿ.

ಇನ್ನು ಕಂಪ್ಯೂಟರಿನ ವಿಷಯ. ಲಾಭದ ನೂರಕ್ಕೆ 2 ಭಾಗವನ್ನು ದೊಡ್ಡ ಕಂಪನಿಗಳು ಸಾಮಾಜಿಕ ಕೆಲಸಕ್ಕೆ ಹಾಕಬೇಕು ಅಂತ 2013ರ ಕಂಪನಿ ಕಾಯಿದೆ ಹೇಳಿದ ಮೇಲೆ ನಮ್ಮ ಶಾಲೆಗಳಿಗೆ ಬಣ್ಣ ಬಂತು, ಸ್ಮಾರ್ಟ್ ಬೋರ್ಡ್ ಬಂತು, ಹಳೆಯ ಕಂಪ್ಯೂಟರ್ ಬಂತು. ರಿಬ್ಬನ್ ಕತ್ತರಿಸುವ ಫೋಟೋ ಬಂತು. ಆಮೇಲೆ ಯು.ಪಿ.ಎಸ್. ಬ್ಯಾಟರಿ ಸತ್ತಿತು, ರಿಪೇರಿಗೆ ಯಾವ ಕಾಯಿದೆಯೂ ಇಲ್ಲ, ಬೆಡ್‌ಶೀಟು ಬಂತು. ಈ ಪಾಠವನ್ನು ನಾವೇ ಮೊದಲು ಕಲಿತದ್ದೇನಲ್ಲ. 2000ದ ದಶಕದ ಮೊದಲ ವರ್ಷಗಳಲ್ಲಿ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಕಂಪ್ಯೂಟರ್ ಕಲಿಕಾ ಕೇಂದ್ರಗಳನ್ನು ನಡೆಸಿತು, ಪಾಠದ ಸೀಡಿಗಳನ್ನು ಮಾಡಿ ಹಂಚಿತು. ಕೆಲವು ವರ್ಷಗಳ ಮೇಲೆ, ಯಂತ್ರದಿಂದ ಆಗುವುದಕ್ಕೆ ಮಿತಿ ಇದೆ, ಮೇಷ್ಟ್ರಿಂದಲೇ ಆಗಬೇಕು ಅಂತ ಆ ಸಂಸ್ಥೆಯವರೇ ಬಹಿರಂಗವಾಗಿ ಬರೆದು ದಾರಿ ಬದಲಿಸಿದರು. ತಪ್ಪನ್ನು ಒಪ್ಪಿಕೊಂಡದ್ದು ದೊಡ್ಡ ಮಾತೇ. ಅವರ ವಿಶ್ವವಿದ್ಯಾಲಯ ಈಗ ನಮ್ಮದೇ ತಾಲ್ಲೂಕಿನ ಸರ್ಜಾಪುರದಲ್ಲಿದೆ. ಹತ್ತಿರದಲ್ಲೇ ಇರುವವರು, ಹೋಗಿ ಮಾತಾಡಿ.

ಹಾಗಂತ ಕಂಪ್ಯೂಟರು ಬೇಡ, ನಮಗೆ ಹಲಗೆ ಬಳಪ ಸಾಕು ಅನ್ನುವವರ ಜೊತೆ ನಾವಿಲ್ಲ. ಆ ಮಾತು ಬಹಳ ಸಲ ಮನೆಯಲ್ಲಿ ಎರಡು ಲ್ಯಾಪ್‌ಟಾಪ್ ಇರುವವರ ಬಾಯಿಂದ ಬರುತ್ತದೆ. 2020ರಲ್ಲಿ ಶಾಲೆ ಮುಚ್ಚಿದಾಗ ಫೋನಿದ್ದ ಮಗು ಪಾಠ ಕೇಳಿತು, ಫೋನಿಲ್ಲದ ಮಗು ಕೂಲಿಗೆ ಹೋಯಿತು. ಮೇಷ್ಟ್ರುಗಳು ಊರೂರಿಗೆ ಬಂದು ಜಗಲಿಯಲ್ಲಿ, ಮರದಡಿಯಲ್ಲಿ ವಿದ್ಯಾಗಮ ನಡೆಸಿದರು. ದೇವಸ್ಥಾನದ ಜಗಲಿಯಲ್ಲಿ ಪಾಠ ಅಂದಾಗ ನಮ್ಮ ಮಕ್ಕಳು ಎಲ್ಲಿ ನಿಂತರು ಅಂತ ಯಾರಾದರೂ ಬರೆದಿಟ್ಟಿದ್ದಾರೋ ಏನೋ.

ದೂರ ಹೋಗಬೇಕಿಲ್ಲ. ಬನ್ನೇರುಘಟ್ಟ ರಸ್ತೆಯ ಹತ್ತಿರ, ಗುರಪ್ಪನಪಾಳ್ಯದ ಬಳಿ ಸುದರ್ಶನ ಲೇಔಟ್ ಅನ್ನುವ ಕೊಳೆಗೇರಿ. 2008ರ ಸುಮಾರಿಗೆ ಅಲ್ಲಿನ ಹುಡುಗರು, ಸ್ವತಂತ್ರ ತಂತ್ರಾಂಶ ಚಳವಳಿಯ ಕೆಲವು ಗೆಳೆಯರು ಸೇರಿ ಬಿಸಾಡಿದಂಥ ಹಳೆಯ ಕಂಪ್ಯೂಟರುಗಳನ್ನು ತಂದು ಜೋಡಿಸಿ ಒಂದು ಪುಟ್ಟ ಕೇಂದ್ರ ಮಾಡಿದರು. ದುಡ್ಡು ಕೊಡಬೇಕಿಲ್ಲದ ಲಿನಕ್ಸ್ ತಂತ್ರಾಂಶ ಹಾಕಿದರು. ಅಂಬೇಡ್ಕರ್ ಕಮ್ಯುನಿಟಿ ಕಂಪ್ಯೂಟಿಂಗ್ ಸೆಂಟರ್ ಅಂತ ಹೆಸರಿಟ್ಟರು. ಅಲ್ಲಿನ ಮಕ್ಕಳು ಜಿಂಪ್‌ನಲ್ಲಿ ಚಿತ್ರ ಬಿಡಿಸಿದರು. ಅಲ್ಲಿ ಯಂತ್ರಕ್ಕೆ ಕುಂಕುಮ ಹಚ್ಚಲಿಲ್ಲ, ಬಿಚ್ಚಿ ನೋಡಿದರು. ಇಷ್ಟೇ ವ್ಯತ್ಯಾಸ.

ನಾವೂ ಹಾಗೇ ಒಂದು ಸಣ್ಣ ಕೆಲಸಕ್ಕೆ ಕೈ ಹಾಕಿದೆವು. ಮೇಷ್ಟ್ರನ್ನು ಕಾಡಿ ಬೇಡಿ ಶನಿವಾರದ ಮಧ್ಯಾಹ್ನ ಕೇಳಿಕೊಂಡೆವು. ಪುಸ್ತಕ ಕಳೆದರೆ ನಾವು ಕೊಡುತ್ತೇವೆ ಅಂತ ಬರೆದುಕೊಟ್ಟೆವು. ಐದು ಕಂಪ್ಯೂಟರಿನಲ್ಲಿ ಎರಡು ಸತ್ತಿದ್ದವು, ಒಂದರ ಹೊಟ್ಟೆಯಲ್ಲಿ ಇಲಿ ಗೂಡು. ಅವುಗಳ ಭಾಗ ಇವಕ್ಕೆ ಹಾಕಿ ಮೂರನ್ನು ಎಬ್ಬಿಸಿದೆವು. ಮಕ್ಕಳಿಗೆ ಮೊದಲು ಕಲಿಸಿದ್ದು ಕನ್ನಡ ಬೆರಳಚ್ಚು. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ಎಷ್ಟು ಸರಳ ಅಂದರೆ ನಾಲ್ಕನೇ ಕ್ಲಾಸಿನ ಮಗು ಮೂರು ಶನಿವಾರದಲ್ಲಿ ಒತ್ತಕ್ಷರ ಹೊಡೆಯುತ್ತದೆ. ಕಂಪ್ಯೂಟರ್ ಅಂದರೆ ಇಂಗ್ಲಿಷು, ಇಂಗ್ಲಿಷು ಅಂದರೆ ನಮ್ಮದಲ್ಲ ಅನ್ನುವ ಭಯ ಅಲ್ಲೇ ಅರ್ಧ ಸತ್ತಿತು. ಪ್ರಥಮ್ ಬುಕ್ಸ್‌ನವರು 2015ರಲ್ಲಿ ಶುರುಮಾಡಿದ ಸ್ಟೋರಿವೀವರ್‌ನಲ್ಲಿ ಮಕ್ಕಳ ಕತೆಗಳು ಕನ್ನಡದಲ್ಲೂ ಇವೆ. ಯಾರ ಅಪ್ಪಣೆಯೂ ಬೇಡ, ಇಳಿಸಿಕೊಳ್ಳಬಹುದು, ಅಚ್ಚು ಹಾಕಬಹುದು, ಹಂಚಬಹುದು. ನಾವು ಪೆನ್‌ಡ್ರೈವಿನಲ್ಲಿ ತಂದು ತೋರಿಸಿದೆವು.

ಅದನ್ನು ನೋಡಿ ಐದನೇ ಕ್ಲಾಸಿನ ಒಬ್ಬ ಹುಡುಗಿ ಕೇಳಿದಳು, ‘ನಮ್ಮಜ್ಜಿ ಕತೇನೂ ಇದರಲ್ಲಿ ಹಾಕಬೋದಾ?’ ಅವಳ ತಾಯಿ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಹೌಸ್‌ಕೀಪಿಂಗ್. ದಿನಾ ನೂರಾರು ಕಂಪ್ಯೂಟರಿನ ಧೂಳು ಒರೆಸುತ್ತಾಳೆ, ಒಂದರ ಗುಂಡಿಯನ್ನೂ ಒತ್ತಿದವಳಲ್ಲ. ಮಗಳು ಎರಡು ತಿಂಗಳು ಕೂತು ಅಜ್ಜಿಯ ಕತೆಯನ್ನು, ಕೆರೆ ಒಡೆದ ರಾತ್ರಿ ತಮಟೆ ಬಾರಿಸಿ ಊರನ್ನೆಲ್ಲ ಎಬ್ಬಿಸಿದ ಅಜ್ಜಿಯ ಅಪ್ಪನ ಕತೆಯನ್ನು, ಒಂದು ಬೆರಳಲ್ಲಿ ಹೊಡೆದಳು. ಆರು ಪುಟ. ಚಿತ್ರ ಅವಳ ತಮ್ಮನದು. ನಾವು ಅಚ್ಚು ಹಾಕಿ, ದಾರದಲ್ಲಿ ಹೊಲಿದು, ಕಂದು ಕಾಗದದ ರಟ್ಟು ಹಾಕಿದೆವು. ಮೇಷ್ಟ್ರು ದಾಸ್ತಾನು ಪುಸ್ತಕ ತೆಗೆದು ಅದಕ್ಕೊಂದು ನಂಬರು ಕೊಟ್ಟರು. ಬೆಲೆ ಅನ್ನುವ ಕಾಲಮಿನಲ್ಲಿ ಏನು ಬರೆಯೋದು ಅಂತ ಸ್ವಲ್ಪ ಹೊತ್ತು ಪೆನ್ನು ಹಿಡಿದು ಕೂತಿದ್ದರು. ಕೊನೆಗೆ ಗೆರೆ ಎಳೆದರು.

ಆ ಬೀರುವಿನಲ್ಲಿ ತಮಟೆ ಬಾರಿಸುವವನೊಬ್ಬ ಕತೆಯ ನಾಯಕನಾಗಿರುವ ಪುಸ್ತಕ ಅದೊಂದೇ. ಮಿಕ್ಕವನ್ನೆಲ್ಲ ನಾವು ತಿರುವಿ ಹಾಕಿದ್ದೇವೆ. ರಾಜ ಇದ್ದಾನೆ, ಮಂತ್ರಿ ಇದ್ದಾನೆ, ಬಡ ಬ್ರಾಹ್ಮಣ ಇದ್ದಾನೆ, ಜಾಣ ನರಿ ಇದೆ. ನಮ್ಮವರು ಇಲ್ಲ. 1973ರಲ್ಲಿ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬೂಸಾ ಇದೆ ಅಂದದ್ದಕ್ಕೆ ಊರೂರಲ್ಲಿ ಗಲಾಟೆ ಮಾಡಿದರು, ಹಾಸ್ಟೆಲಿನ ನಮ್ಮ ಹಿರಿಯರಿಗೆ ಹೊಡೆದರು, ಅವರ ಮಂತ್ರಿಗಿರಿ ಹೋಯಿತು. ಅದಾದ ಮೇಲೆ ದೇವನೂರು ಬಂದರು, ಸಿದ್ಧಲಿಂಗಯ್ಯ ಬಂದರು, ಮಾಲಗತ್ತಿ ಬಂದರು, ಕನ್ನಡದ ಚಹರೆಯೇ ಬದಲಾಯಿತು. ದೊಡ್ಡವರ ಕಪಾಟಿಗೆ ಅವರು ಬಂದರು, ಮಕ್ಕಳ ಕಪಾಟಿಗೆ ಇನ್ನೂ ಬರಬೇಕು. ಏಳನೇ ಕ್ಲಾಸಿನವರಿಗೆ ‘ಊರುಕೇರಿ’ ಕೊಟ್ಟು ನೋಡಿ, ನಗುತ್ತಾ ಓದುತ್ತಾರೆ, ಆಮೇಲೆ ನಗು ನಿಲ್ಲಿಸುತ್ತಾರೆ. ಇದನ್ನು ಬರೆಯುವವರು ಯಾರು ಅಂದರೆ, ಕವಿತೆ ಬರೆಯುತ್ತೇವೆ ಅಂತ ಓಡಾಡುವ ನಾವೇ. ಮಕ್ಕಳಿಗೆ ಬರೆಯುವುದು ಸಣ್ಣ ಕೆಲಸ ಅಂದುಕೊಂಡಿದ್ದೆವು. ತಪ್ಪು ನಮ್ಮದು.

ಎರವಲು ಅನ್ನುವ ಪದ ನಮ್ಮ ಮನೆಗಳಲ್ಲಿ ಅವಮಾನದ ಪದ. ಎರವಲು ರಾಗಿ, ಎರವಲು ಸೀರೆ, ಎರವಲು ಎತ್ತು. ಮಗ ಕೇಳಿದ ಪುಸ್ತಕ ತರುವುದಕ್ಕೆ ರಾಮಜಿ ಸಕ್ಪಾಲರು ಮದುವೆಯಾದ ಮಗಳ ಒಡವೆಯನ್ನು ಎರವಲು ತಂದು ಅಡವಿಡುತ್ತಿದ್ದರು, ಪಿಂಚಣಿ ಬಂದಾಗ ಬಿಡಿಸಿ ಕೊಡುತ್ತಿದ್ದರು. ಕೃಷ್ಣಾಜಿ ಅರ್ಜುನ್ ಕೆಳೂಸ್ಕರ್ ಅನ್ನುವ ಹಿರಿಯರು ಬೊಂಬಾಯಿಯ ಒಂದು ತೋಟದಲ್ಲಿ ಒಬ್ಬನೇ ಕೂತು ಓದುವ ಆ ಹುಡುಗನನ್ನು ಕಂಡು ಮಾತಾಡಿಸಿದರು, ಪುಸ್ತಕ ಕೊಟ್ಟರು, ತಾವೇ ಬರೆದ ಬುದ್ಧನ ಚರಿತ್ರೆಯನ್ನು ಕೊಟ್ಟರು. ಆ ಪುಸ್ತಕ ಎಲ್ಲಿಯವರೆಗೆ ಹೋಯಿತು ಅಂತ ನಿಮಗೆ ಹೇಳಬೇಕಿಲ್ಲ. 1917ರಲ್ಲಿ ಲಂಡನ್ನಿನಿಂದ ಹಡಗಿನಲ್ಲಿ ಕಳಿಸಿದ್ದ ಪುಸ್ತಕಗಳು ಯುದ್ಧದ ಟಾರ್ಪೆಡೊಗೆ ಸಿಕ್ಕು ಸಮುದ್ರದ ಪಾಲಾದವು. ಬಾಬಾಸಾಹೇಬರು ಮತ್ತೆ ಕೂಡಿಸಿದರು. ದಾದರಿನಲ್ಲಿ ರಾಜಗೃಹ ಕಟ್ಟಿದಾಗ ಪುಸ್ತಕಕ್ಕೆ ಜಾಗ ಮಾಡಿಯೇ ಕಟ್ಟಿದರು. ಪುಸ್ತಕ ಕಳೆಯುತ್ತೆ ಅಂತ ಹೆದರಿದ್ದರೆ ಆಗುತ್ತಿತ್ತೇ?

ಒಳ್ಳೆಯದನ್ನೂ ಹೇಳೋಣ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಪಂಚಾಯತ್ ರಾಜ್ ಇಲಾಖೆಗೆ ಬಂದ ಮೇಲೆ ಚೇತರಿಸಿಕೊಂಡಿವೆ. ರಾಜ್ಯದಲ್ಲಿ ಐದು ಸಾವಿರಕ್ಕೂ ಮೀರಿ ಇವೆ, ಅರಿವು ಕೇಂದ್ರ ಅಂತ ಹೊಸ ಹೆಸರು. 2020ರ ‘ಓದುವ ಬೆಳಕು’ ಕಾರ್ಯಕ್ರಮದಿಂದ 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಪುಕ್ಕಟೆ. ನಿಮ್ಮ ತಮ್ಮ ತಂಗಿಯರ ಕಾರ್ಡು ಮಾಡಿಸಿದ್ದೀರಾ? ಎಷ್ಟೋ ಕಡೆ ಆ ಕೇಂದ್ರ ಇರುವುದು ಊರೊಳಗೆ, ಕೇರಿಯಿಂದ ದೂರ. ಮಗು ಒಂಟಿಯಾಗಿ ಹೋಗಲು ಹಿಂಜರಿದರೆ ಹತ್ತು ಮಕ್ಕಳನ್ನು ಕರೆದುಕೊಂಡು ನೀವೇ ಹೋಗಿ. ನವೆಂಬರಿನಲ್ಲಿ ಮಕ್ಕಳ ಗ್ರಾಮಸಭೆ ಸೇರಿದಾಗ ಶಾಲೆಯ ಬೀರುವಿನ ಪ್ರಶ್ನೆಯನ್ನು ಮಕ್ಕಳೇ ಕೇಳಲಿ, ನಡಾವಳಿಯಲ್ಲಿ ಬರೆಯಿಸಿ. ಶಾಲಾಭಿವೃದ್ಧಿ ಸಮಿತಿಯಲ್ಲಿ ನಿಮ್ಮ ತಂದೆ ತಾಯಂದಿರಿದ್ದಾರೆ, ಅವರು ಬಿಳಿ ಹಾಳೆಗೆ ಹೆಬ್ಬೆಟ್ಟು ಒತ್ತಿ ಬರುವುದನ್ನು ನಿಲ್ಲಿಸಿ.

ಎರವಲು ವಹಿಯಲ್ಲಿ ಈಗ ಮೂವತ್ತೊಂದು ಹೆಸರುಗಳಿವೆ. ಮೊದಲನೆಯದು ಆ ಹುಡುಗಿಯದು. ಪುಸ್ತಕ ತಗೊಂಡು ಹೋಗುವಾಗ ಬಾಗಿಲಲ್ಲಿ ನಿಂತು, ‘ಅಣ್ಣಾ, ಹರಿದೋದ್ರೆ ಎಷ್ಟು ಕೊಡಬೇಕು?’ ಅಂದಳು. ಏನೂ ಇಲ್ಲ, ಅಂಟು ಹಾಕಿ ತಗೊಂಡು ಬಾ ಅಂದೆವು. ಎರಡು ಪುಸ್ತಕ ಇನ್ನೂ ವಾಪಸ್ ಬಂದಿಲ್ಲ. ಒಂದು ಮಗು ಊರಿಗೆ ಹೋಗಿದೆ, ಅಪ್ಪನ ಕೆಲಸ ಮುಗಿಯಿತಂತೆ. ಪುಸ್ತಕ ರಾಯಚೂರಿನಲ್ಲಿ ಯಾರಾದರೂ ಓದುತ್ತಿರಲಿ.

ಇದನ್ನು ಓದುತ್ತಿರುವ ಹಾಸ್ಟೆಲಿನವರಿಗೆ ಎರಡು ವಿನಂತಿ. ನಮ್ಮ ಶನಿವಾರಕ್ಕೆ ಕಂದು ಕಾಗದ, ದಪ್ಪ ದಾರ, ಒಂದು ಕೀಲಿಮಣೆ ಬೇಕು, ಹಳೆಯದಾದರೂ ಸರಿ. ಎರಡನೆಯದು, ಹಾಸ್ಟೆಲಿನ ಗ್ರಂಥಾಲಯದಿಂದ ತಂದು ಟ್ರಂಕಿನ ತಳಕ್ಕೆ ಸೇರಿಸಿರುವ ಪುಸ್ತಕಗಳನ್ನು ಈ ತಿಂಗಳೊಳಗೆ ವಾಪಸ್ ಮಾಡಿ. ಈ ಸಂಪಾದಕೀಯ ಬರೆಯುವ ಮುಂಚೆ ನಮ್ಮ ನಮ್ಮ ಟ್ರಂಕು ತೆಗೆದು ನೋಡಿದೆವು, ನಾಲ್ಕು ಸಿಕ್ಕವು. ನಾಳೆ ಬೆಳಿಗ್ಗೆ ಕೊಟ್ಟು ಬರುತ್ತೇವೆ.